ಟೇಬಲ್ ಹಿಡಿಯುವವಳು

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಜಯನಗರದ ಯಾವುದಾದರೂ ಹಳೆಯ ತಿಂಡಿ ಹೋಟೆಲಿಗೆ ಹೋಗಿ ನೋಡಿ. ಕೂತು ತಿನ್ನುವವರು ಎಷ್ಟೋ, ನಿಂತು ಕಾಯುವವರೂ ಅಷ್ಟೇ. ಟೋಕನ್ ಇಲ್ಲ, ಹೆಸರು ಬರೆಸುವುದಿಲ್ಲ, ಸಾಲು ಅನ್ನುವುದಂತೂ ಇಲ್ಲವೇ ಇಲ್ಲ. ತಿನ್ನುತ್ತಿರುವವರ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು, ಅವರು ಎದ್ದ ತಕ್ಷಣ ಕೂರಬೇಕು. ಇದಕ್ಕೆ ನಮ್ಮ ಮನೆಯಲ್ಲಿ ‘ಟೇಬಲ್ ಹಿಡಿಯೋದು’ ಎನ್ನುತ್ತಿದ್ದೆವು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಜಯನಗರದಲ್ಲೇ ಇಲ್ಲ ಅಂತ ನಾನು ಐವತ್ತು ದಾಟುವವರೆಗೂ ಜಂಬ ಪಡುತ್ತಿದ್ದೆ. ಈಗ ಅದನ್ನು ನೆನೆಸಿಕೊಂಡರೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಗುತ್ತದೆ.

ವಿದ್ಯೆ ಕಲಿಸಿದವರು ಅಪ್ಪಾಜಿ. ಬನಶಂಕರಿಯಲ್ಲಿ ಅವರದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇತ್ತು. ಸ್ವಿಚ್ಚು, ವೈರು, ಬಲ್ಬು, ಫ್ಯಾನಿನ ರಿಪೇರಿ. ಭಾನುವಾರವೂ ಹತ್ತು ಗಂಟೆಗೆ ಬಾಗಿಲು ತೆಗೆಯಲೇಬೇಕು. ಆದರೆ ವಾರಕ್ಕೊಂದು ದಿನ ಮನೆಯವರನ್ನು ಹೊರಗೆ ತಿಂಡಿಗೆ ಕರೆದುಕೊಂಡು ಹೋಗಲೇಬೇಕು ಅನ್ನುವುದೂ ಅವರ ಹಟ. ಆಗ ನಾವಿದ್ದದ್ದು ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿ. ಅಪ್ಪಾಜಿ, ಅಮ್ಮ, ನಾನು ಮೂರೂ ಜನ ಎಂಟೂವರೆಗೆ ಮನೆ ಬಿಟ್ಟು ನಡೆದುಕೊಂಡು ಹೋಟೆಲ್ ಸೇರುತ್ತಿದ್ದೆವು. ಒಂಬತ್ತೂವರೆಯ ಒಳಗೆ ತಿಂದು ಕಾಫಿ ಕುಡಿದು ಎದ್ದರೆ ಸರಿ, ಇಲ್ಲದಿದ್ದರೆ ಅಂಗಡಿಗೆ ಲೇಟು. ಹಾಗಾಗಿ ಟೇಬಲ್ ಹಿಡಿಯುವುದು ನಮಗೆ ಆಟವಲ್ಲ, ದುಡಿಮೆಯ ಭಾಗವೇ ಆಗಿತ್ತು.

ಅಪ್ಪಾಜಿ ಹೋಟೆಲ್ ಬಾಗಿಲಲ್ಲಿ ನಿಂತು ಒಂದು ಸಲ ಒಳಗೆ ಕಣ್ಣಾಡಿಸಿದರೆ ಮುಗಿಯಿತು, ಯಾವ ಟೇಬಲ್ ಮೊದಲು ಖಾಲಿಯಾಗುತ್ತದೆ ಅಂತ ಹೇಳಿಬಿಡುತ್ತಿದ್ದರು. ಕಾಫಿ ಬಂದಿದ್ದರೆ ಐದು ನಿಮಿಷ. ಆ ಕಾಫಿಯನ್ನು ಬಟ್ಟಲಿಗೆ ಸುರಿದು ಆರಿಸುತ್ತಿದ್ದರೆ ಇನ್ನೂ ಮೂರು ನಿಮಿಷ. ಇಡ್ಲಿ ವಡೆ ಮುಗಿಸಿ ಗೋಡೆಯ ಮೇಲಿನ ತಿಂಡಿಗಳ ಬೋರ್ಡು ಓದುತ್ತಾ ಕೂತಿದ್ದರೆ ಆ ಕಡೆ ತಲೆ ಹಾಕಬಾರದು, ಅವರು ಇನ್ನೊಂದು ಮಸಾಲೆ ಹೇಳುವವರು. ಇಷ್ಟೆಲ್ಲ ಪಾಠ ಹೇಳಿ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು.

“ಮುದುಕ್ರು ಕೂತಿರೋ ಟೇಬಲ್ ಹತ್ರ ಮಾತ್ರ ನಿಲ್ಬೇಡ ಪುಟ್ಟಾ. ಅದು ಏಳೋ ಟೇಬಲ್ ಅಲ್ಲ.”

ನನಗೆ ಅದು ಬರೀ ಲೆಕ್ಕಾಚಾರದ ಮಾತಾಗಿ ಕೇಳಿಸಿತು. ಮುದುಕರು ನಿಧಾನ, ಅಲ್ಲಿ ನಿಂತರೆ ಟೈಮ್ ವೇಸ್ಟು, ಅಷ್ಟೇ. ಅಪ್ಪಾಜಿ ನಿಲ್ಲುತ್ತಿದ್ದ ರೀತಿಯನ್ನು ನಾನು ಗಮನಿಸಲೇ ಇಲ್ಲ. ಅವರು ಯಾರ ತಟ್ಟೆಗೂ ಕಣ್ಣು ಹಾಕುತ್ತಿರಲಿಲ್ಲ. ಎರಡು ಹೆಜ್ಜೆ ದೂರದಲ್ಲಿ, ತಿನ್ನುವವರಿಗೆ ಬೆನ್ನು ಮಾಡಿ, ಗೋಡೆಯ ಕ್ಯಾಲೆಂಡರನ್ನು ಇವತ್ತೇ ಮೊದಲ ಸಲ ನೋಡುತ್ತಿರುವವರ ಹಾಗೆ ನೋಡುತ್ತಾ ನಿಲ್ಲುತ್ತಿದ್ದರು. ಹಿಂದೊಬ್ಬರು ಕಾಯುತ್ತಿದ್ದಾರೆ ಅಂತ ತಿನ್ನುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಕುರ್ಚಿ ಕಿರ್ ಅಂದ ಸದ್ದಿಗೆ ತಿರುಗಿ, “ಆಯ್ತಾ ಸಾರ್? ನಿಧಾನ, ನಿಧಾನ,” ಅನ್ನುತ್ತಾ ಕೂರುತ್ತಿದ್ದರು.

ನಾನು ಈ ಪದ್ಧತಿಯನ್ನು ಸುಧಾರಿಸಿದೆ! ಮದುವೆಯಾಗಿ ಜೆ.ಪಿ. ನಗರಕ್ಕೆ ಬಂದ ಮೇಲೂ ಭಾನುವಾರದ ತಿಂಡಿ ಬಿಡಲಿಲ್ಲ. ಅದೇ ಹೋಟೆಲು, ಅದೇ ಜನಜಂಗುಳಿ. ನನ್ನದು ಮೊದಲೇ ಮೂಗಿನ ತುದಿಯಲ್ಲಿ ಕೋಪ, ಕಾಯುವುದೆಂದರೆ ಆಗುವುದಿಲ್ಲ. ಕ್ಯಾಲೆಂಡರ್ ನೋಡುವ ವ್ಯವಧಾನ ಯಾರಿಗಿದೆ? ನಾನು ಕುರ್ಚಿಗೆ ಅಂಟಿಕೊಂಡೇ ನಿಲ್ಲುತ್ತಿದ್ದೆ. ಮೆತ್ತಗೆ ಬ್ಯಾಗನ್ನು ಟೇಬಲ್ಲಿನ ಮೂಲೆಗಿಡುತ್ತಿದ್ದೆ. ಅದಕ್ಕೂ ಅವರು ಬಗ್ಗದಿದ್ದರೆ ಕೊನೆಯ ಅಸ್ತ್ರ, ಕೀ ಗೊಂಚಲು. ಸ್ಕೂಟರಿನದು, ಗೇಟಿನದು, ಮನೆಯದು, ಬೀರುವಿನದು ಎಲ್ಲ ಸೇರಿ ದಪ್ಪನೆಯ ಗೊಂಚಲು. ಅದನ್ನು ತಿನ್ನುವವರ ಕಿವಿಯ ಹತ್ತಿರ ಝಣ ಝಣ ಅಂತ ಆಡಿಸುತ್ತಾ, ಎಲ್ಲೋ ನೋಡುತ್ತಾ ನಿಂತರೆ ಎಂಥ ಗಟ್ಟಿ ಆಸಾಮಿಯೂ ಎರಡು ನಿಮಿಷದಲ್ಲಿ ಏಳುತ್ತಿದ್ದ. ಒಂದು ಸಲ ಒಬ್ಬರು ಅರ್ಧ ಕಾಫಿಯ ಲೋಟ ಹಿಡಿದುಕೊಂಡೇ ಎದ್ದು, ಕೈ ತೊಳೆಯುವ ಜಾಗದಲ್ಲಿ ನಿಂತು ಕುಡಿದು ಹೋದರು. ನಾನು ಗೆದ್ದವಳ ಹಾಗೆ ನಮ್ಮ ಮನೆಯವರ ಕಡೆ ನೋಡಿ ಹುಬ್ಬು ಹಾರಿಸಿದೆ.

ಅಮ್ಮ ಇರುವಾಗ ಒಂದು ದಿನ ಇದನ್ನು ನೋಡಿ ಅಂದಿದ್ದಳು: “ನಿಮ್ಮಪ್ಪ ನಿಂತಿರೋದು ಯಾರ್ಗೂ ಗೊತ್ತಾಗಲ್ಲ ಕಣೇ. ನೀನು ನಿಂತ್ರೆ ತಿನ್ನೋರ ಗಂಟಲಲ್ಲೇ ಸಿಕ್ಕಾಕ್ಕೊಳುತ್ತೆ. ಸ್ವಲ್ಪ ದೂರ ನಿಲ್ಲಬಾರ್ದಾ?”

“ದೂರ ನಿಂತ್ರೆ ಇವತ್ತು ತಿಂಡಿ ಇಲ್ಲ, ಮಧ್ಯಾಹ್ನದ ಊಟಾನೇ,” ಅಂತ ನಾನು ನಕ್ಕಿದ್ದೆ. ಅಪ್ಪಾಜಿ ಚಟ್ನಿ ಬಡಿಸುವವನನ್ನು ಕರೆದರು.

ಅಮ್ಮ ಹೋದ ಮೇಲೆ ಅಪ್ಪಾಜಿ ನಮ್ಮ ಮನೆಗೇ ಬಂದರು. ಅಂಗಡಿಯನ್ನು ಅದಕ್ಕಿಂತ ಮೊದಲೇ ಬೇರೆಯವರಿಗೆ ವಹಿಸಿದ್ದಾಗಿತ್ತು. ಎರಡು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಪೇಪರ್ ಹಿಡಿದಾಗ, ಆಮೇಲೆ ಶರಟಿನ ಗುಂಡಿ ಹಾಕುವಾಗ, ಆಮೇಲೆ ಊಟಕ್ಕೆ ಕೂತಾಗ. ಕನ್ನಡಕವೂ ಇಲ್ಲದೆ ಸ್ವಿಚ್ಚಿನೊಳಗಿನ ಸಾಸಿವೆಯಷ್ಟು ಸ್ಕ್ರೂ ತಿರುಗಿಸುತ್ತಿದ್ದ ಕೈ ಅದು. ಈಗ ತುತ್ತು ಬಾಯಿ ತಲುಪುವ ಹೊತ್ತಿಗೆ ಅರ್ಧ ಉದುರಿ ಹೋಗುತ್ತಿತ್ತು. ಡಾಕ್ಟರು ನನ್ನನ್ನು ಕೂರಿಸಿಕೊಂಡು ಖಡಾಖಂಡಿತವಾಗಿ ಹೇಳಿದರು: “ದಯವಿಟ್ಟು ನೀವು ತಿನ್ಸೋಕೆ ಹೋಗ್ಬೇಡಿ ಮೇಡಂ. ಲೇಟಾಗ್ಲಿ, ಚೆಲ್ಲಲಿ, ಅವ್ರ ಕೈಯಿಂದಾನೇ ತಿನ್ಲಿ. ಅವ್ರು ಸಾಕು ಅಂತ ಕೈ ಬಿಟ್ಬಿಟ್ರೆ ಆಮೇಲೆ ವಾಪಸ್ ಬರೋದು ಕಷ್ಟ.”

ಮನೆಯಲ್ಲಿ ಅವರು ಊಟವನ್ನೇ ಕಡಿಮೆ ಮಾಡುತ್ತಾ ಬಂದರು. ಎದುರಿಗೆ ಯಾರೂ ಇಲ್ಲದಾಗ ಎರಡು ತುತ್ತು ತಿಂದು ತಟ್ಟೆ ದೂಡಿಬಿಡುವರು. ಸ್ಪೂನ್ ಕೊಟ್ಟರೆ ಮುಖ ತಿರುಗಿಸುವರು. ಆದರೆ ಭಾನುವಾರದ ಮಾತೇ ಬೇರೆ. ಗುರುವಾರದಿಂದಲೇ, “ನಾಳಿದ್ದಲ್ಲ, ಆಚೆ ನಾಳಿದ್ದು ಭಾನುವಾರ ಅಲ್ವಾ?” ಅಂತ ಶುರು. ಭಾನುವಾರ ಆರು ಗಂಟೆಗೇ ಸ್ನಾನ, ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳೀ ಶರಟು. ಆ ಗಲಾಟೆಯ ಮಧ್ಯೆ ಕೂತು ಒಂದು ಮಸಾಲೆ ದೋಸೆಯನ್ನು ಪೂರ್ತಿ, ತಾವೇ ಮುರಿದು, ತಾವೇ ಅದ್ದಿ ತಿನ್ನುತ್ತಿದ್ದರು. ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಆದರೆ ತಟ್ಟೆ ಖಾಲಿ! ಕೊನೆಗೆ ಸ್ಟ್ರಾಂಗ್ ಕಾಫಿ. ಇಡೀ ವಾರದಲ್ಲಿ ಅವರು ತಮ್ಮ ಕೈಯಾರೆ ಹೊಟ್ಟೆ ತುಂಬ ತಿನ್ನುತ್ತಿದ್ದದ್ದು ಅದೊಂದೇ ಹೊತ್ತು. ಅದು ಉಳಿಯಬೇಕು ಅನ್ನುವುದು ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ, ಅದಕ್ಕೇ ಈ ಸಂಕಟ.

ಹೋದ ವರ್ಷದ ಮಾತು. ಅವತ್ತು ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಟೇಬಲ್ ಹಿಡಿದೆ, ನಾಲ್ಕು ಜನ ಕೂತೆವು. ನಮ್ಮ ಮನೆಯವರು ಮತ್ತು ಕಾಲೇಜಿಗೆ ಹೋಗುವ ಮಗಳು ಬೇಗ ಬೇಗ ತಿಂದು ಮುಗಿಸಿದರು. ಅಪ್ಪಾಜಿಯದು ಇನ್ನೂ ಕಾಲು ಭಾಗವೂ ಆಗಿರಲಿಲ್ಲ. “ನಾನು ಗಾಡಿ ತೆಗ್ದಿರ್ತೀನಿ, ನೀವು ನಿಧಾನಕ್ಕೆ ಬನ್ನಿ ಮಾವ,” ಅಂತ ಇವರು ಎದ್ದು ಹೋದರು. ಮಗಳು ತಾತನ ಎದುರಿಗೆ ಕೂತು ಫೋನ್ ನೋಡುತ್ತಿದ್ದಳು. ನಾನು ಅಪ್ಪಾಜಿಯ ಪಕ್ಕದಲ್ಲಿ ಖಾಲಿ ಲೋಟ ತಿರುಗಿಸುತ್ತಾ ಕೂತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಕೇಳಿಸಿತು, ಝಣ ಝಣ.

ತಿರುಗಿ ನೋಡಿದೆ. ಮೂವತ್ತೈದರ ಆಸುಪಾಸಿನ ಒಬ್ಬ ಮನುಷ್ಯ, ಟೀ ಶರ್ಟು, ಬರ್ಮುಡಾ. ಅಪ್ಪಾಜಿಯ ಕುರ್ಚಿಯ ಹಿಂದೆಯೇ ನಿಂತಿದ್ದಾನೆ. ಬೆರಳಿಗೆ ಕೀ ಸಿಕ್ಕಿಸಿಕೊಂಡು ಆಡಿಸುತ್ತಿದ್ದಾನೆ, ಎಲ್ಲೋ ನೋಡುತ್ತಿದ್ದಾನೆ. ನನ್ನ ಅಸ್ತ್ರ ನನಗೇ! ಆ ಸದ್ದಿನ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ‘ಎಷ್ಟೊತ್ರೀ ತಿಂತೀರ, ಏಳ್ರೀ’ ಅಂತ. ನನ್ನ ಕಿವಿ ಬಿಸಿಯಾಯಿತು. ಎದ್ದು ಜಗಳ ಆಡುತ್ತೇನೆ ಅಂದುಕೊಂಡಿರಾ? ಅದೇ ನನಗೂ ಆಶ್ಚರ್ಯ. ಮಾತಿಗೆ ಮುಂಚೆ ಜಗಳಕ್ಕೆ ನಿಲ್ಲುವ ನಾನು ಅವತ್ತು ಅವನ ಪರವಾಗಿ ನಿಂತೆ. ಆ ಕ್ಷಣಕ್ಕೆ ಅಪ್ಪಾಜಿಯ ನಡುಗುವ ಕೈ, ಟೇಬಲ್ಲಿನ ಮೇಲೆ ಉದುರಿದ ಆಲೂಗಡ್ಡೆ ಪಲ್ಯ, ಗಲ್ಲಕ್ಕೆ ಮೆತ್ತಿದ ಚಟ್ನಿ ಎಲ್ಲವನ್ನೂ ನಾನು ಆ ಮನುಷ್ಯನ ಕಣ್ಣಿನಿಂದ ನೋಡಿದೆ. ನೋಡಿ ನಾಚಿಕೆಪಟ್ಟೆ.

“ಸ್ವಲ್ಪ ಬೇಗ ತಿನ್ನಿ ಅಪ್ಪಾಜಿ, ಜನ ಕಾಯ್ತಿದಾರೆ,” ಅಂದೆ.

“ಹ್ಞೂಂ, ಹ್ಞೂಂ,” ಅಂದರು. ಅವಸರದಲ್ಲಿ ದೋಸೆ ಮುರಿಯಲು ಹೋದರು. ಅವಸರ ಮಾಡಿದಷ್ಟೂ ಆ ಕೈ ಇನ್ನೂ ಜಾಸ್ತಿ ನಡುಗುತ್ತದೆ. ಮೊಣಕೈ ತಗುಲಿ ಸಾಂಬಾರ್ ಬಟ್ಟಲು ಮಗುಚಿತು, ಬಿಳೀ ಶರಟಿನ ಮೇಲೆ ಅಂಗೈಯಗಲ ಕಲೆ. ಝಣ ಝಣ ನಿಲ್ಲಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಅವರ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡು, ದೋಸೆಯನ್ನು ಚೂರು ಚೂರು ಮಾಡಿ, ಒಂದು ದೊಡ್ಡ ತುತ್ತನ್ನು ಅವರ ಬಾಯಿಗೆ ಹಿಡಿದೆ. “ಆ ಅನ್ನಿ,” ಅಂದೆ. ಮಗುವಿಗೆ ಹೇಳುವ ಹಾಗೆ, ಅಷ್ಟು ಜನರ ಎದುರಿಗೆ.

ಅಪ್ಪಾಜಿ ಬಾಯಿ ತೆರೆದರು. ಅದನ್ನು ಹೇಗೆ ಬರೆಯಲಿ? ಬೇಡ ಅನ್ನಬಹುದಿತ್ತು, ಬೈಯಬಹುದಿತ್ತು. ಸುಮ್ಮನೆ ಬಾಯಿ ತೆರೆದು ಆ ತುತ್ತನ್ನು ತೆಗೆದುಕೊಂಡರು. ಅಗಿಯುತ್ತಾ ನನ್ನ ಮುಖ ನೋಡಲಿಲ್ಲ. ಎದುರಿಗಿದ್ದ ಮಗಳು ಫೋನ್ ಕೆಳಗಿಟ್ಟು, “ಅಮ್ಮಾ, ಏನ್ ಮಾಡ್ತಿದೀಯ?” ಅಂದಳು.

“ನೀನ್ ಸುಮ್ನಿರು,” ಅಂದೆ. ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ನಾನು ಹಿಂದೆ ತಿರುಗಿ, ಆ ಕೀ ಆಡಿಸುವವನಿಗೆ ಹಲ್ಲು ಕಿರಿದು ಹೇಳಿದೆ: “ಸಾರಿ ಸಾರ್. ಏಜ್ಡು, ಕೈ ಬೇರೆ ಆಗಲ್ಲ. ಐದೇ ನಿಮಿಷ, ಎಬ್ಬಿಸ್ಬಿಡ್ತೀನಿ.”

ಎಬ್ಬಿಸ್ಬಿಡ್ತೀನಿ. ಆ ಮಾತು ನನ್ನ ಬಾಯಿಂದಲೇ ಬಂದದ್ದು. ಅಪ್ಪಾಜಿಗೆ ಕೈ ನಡುಕ ಇತ್ತೇ ಹೊರತು ಕಿವಿ ಚುರುಕಾಗಿಯೇ ಇತ್ತು. ನಾನು ಆ ಕಡೆಯಿಂದ ಮುಖ ತಿರುಗಿಸುವಷ್ಟರಲ್ಲಿ ಅವರು ಟೇಬಲ್ಲಿನ ಅಂಚು ಹಿಡಿದು ಎದ್ದು ನಿಂತಿದ್ದರು. ದೋಸೆ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಕಾಫಿ ಇನ್ನೂ ಹೇಳೇ ಇರಲಿಲ್ಲ. ಕಾಫಿ ಕುಡಿಯದೆ ಅವರು ಯಾವತ್ತೂ ಹೋಟೆಲಿನಿಂದ ಎದ್ದವರಲ್ಲ. ಆ ಮನುಷ್ಯನ ಕಡೆ ತಿರುಗಿ, ಒದ್ದೆ ಶರಟನ್ನು ಎಡಗೈಯಲ್ಲಿ ಮುಚ್ಚಿಕೊಂಡು, “ಕೂತ್ಕೊಳ್ಳಿ ಸಾರ್, ನಮ್ದಾಯ್ತು,” ಅಂದರು.

ಅವನು ತಬ್ಬಿಬ್ಬಾಗಿ ಕೀಯನ್ನು ಜೇಬಿಗೆ ಹಾಕಿಕೊಂಡ. “ಅಯ್ಯೋ ಇಲ್ಲ ಅಂಕಲ್, ನಾನು ಪಾರ್ಸಲ್‌ಗೆ ಕಾಯ್ತಿದೀನಿ. ನೀವ್ ಯಾಕ್ ಎದ್ರಿ? ಕೂತ್ಕೊಳ್ಳಿ, ಆರಾಮಾಗಿ ತಿನ್ನಿ.”

ಪಾರ್ಸಲ್ ಕೌಂಟರ್ ನಮ್ಮ ಟೇಬಲ್ಲಿನ ಹಿಂದೆಯೇ ಇತ್ತು. ಅವನು ಯಾವ ಟೇಬಲ್ಲಿಗೂ ನಿಂತಿರಲಿಲ್ಲ. ಕೈಯಲ್ಲಿದ್ದ ಕೀಯನ್ನು ಸುಮ್ಮನೆ ಹೊತ್ತು ಹೋಗದೆ ಆಡಿಸುತ್ತಿದ್ದ. ಜಗತ್ತಿನಲ್ಲಿ ಕೀ ಆಡಿಸುವವರೆಲ್ಲ ಯಾರನ್ನೋ ಎಬ್ಬಿಸುವುದಕ್ಕೇ ಆಡಿಸುತ್ತಾರೆ ಅಂತ ನನಗೆ ಅನ್ನಿಸಿದ್ದು, ನಾನು ಇಪ್ಪತ್ತೈದು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದರಿಂದ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಪಕ್ಕದ ಟೇಬಲ್ಲಿನವರು ತಿನ್ನುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

“ಕೂತ್ಕೊಳ್ಳಿ ಅಪ್ಪಾಜಿ, ಅವ್ರು ನಮ್ಗಲ್ಲ ಕಾಯ್ತಿರೋದು. ಕಾಫಿ ಹೇಳ್ತೀನಿ,” ಅಂತ ತೋಳು ಹಿಡಿದೆ.

“ಸಾಕು ಪುಟ್ಟಾ. ಹೊಟ್ಟೆ ತುಂಬ್ತು,” ಅಂದರು. ಕೋಪವಿಲ್ಲದೆ, ಮಾಮೂಲಿ ದನಿಯಲ್ಲೇ. ನಡುಗುವ ಕೈಯನ್ನು ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದರು. ಮಗಳು ತನ್ನ ಜಾಕೆಟ್ ಬಿಚ್ಚಿ ತಾತನ ಎದೆಯ ಮೇಲಿನ ಕಲೆ ಕಾಣದ ಹಾಗೆ ಹಿಡಿದುಕೊಂಡು ಹೊರಗೆ ನಡೆಸಿಕೊಂಡು ಹೋದಳು. ಕಾರಿನಲ್ಲಿ ಇವರು, “ಹೇಗಿತ್ತು ಮಾವ ದೋಸೆ?” ಅಂತ ಕೇಳಿದರು. “ಚೆನ್ನಾಗಿತ್ತು,” ಅಂದರು ಅಪ್ಪಾಜಿ.

ಮುಂದಿನ ಗುರುವಾರ ಬಂತು, ಶುಕ್ರವಾರ ಬಂತು. ಭಾನುವಾರದ ಮಾತೇ ಎತ್ತಲಿಲ್ಲ. ಭಾನುವಾರ ಬೆಳಿಗ್ಗೆ ಏಳು ಗಂಟೆಯಾದರೂ ಹಾಸಿಗೆಯಲ್ಲೇ ಕೂತಿದ್ದರು. “ನೀವ್ ಹೋಗ್ಬನ್ನಿ. ನಂಗ್ಯಾಕೋ ಹೊಟ್ಟೆ ಸರಿ ಇಲ್ಲ.” ಅದರ ಮುಂದಿನ ವಾರವೂ ಹೊಟ್ಟೆ ಸರಿ ಇಲ್ಲ. ಆಮೇಲೆ ಕಾಲು ನೋವು. ಜನ ಇರದ ಹೊತ್ತಿನಲ್ಲಿ ಹೋಗೋಣ, ಮಧ್ಯಾಹ್ನ ಮೂರಕ್ಕೆ ಇಡೀ ಹೋಟೆಲ್ ಖಾಲಿ ಇರುತ್ತೆ ಅಂತ ಗೋಗರೆದೆ. “ಖಾಲಿ ಹೋಟೆಲಲ್ಲಿ ಏನ್ ತಿನ್ನೋದು?” ಅಂದರು. ಅದೂ ನಿಜವೇ. ಅವರಿಗೆ ಬೇಕಾಗಿದ್ದದ್ದು ಆ ಗಲಾಟೆ, ಆ ಜನದ ಮಧ್ಯೆ ತಾನೂ ಒಬ್ಬ ಗಿರಾಕಿಯಾಗಿ ಕೂರುವ ಸುಖ. ಅದನ್ನೇ ನಾನು ಕಿತ್ತುಕೊಂಡಿದ್ದೆ.

ಒಂದು ದಿನ ಮಗಳು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟಳು: “ತಾತಂಗೆ ಸಾರಿ ಕೇಳಿದ್ಯಾ? ಆ ಕೀ ಅಂಕಲ್‌ಗೆ ಕೇಳ್ದೆ ಅಲ್ಲ, ಅಷ್ಟೇ ಸಲೀಸಾಗಿ ಕೇಳ್ಬೋದಲ್ಲ.”

ಕೇಳಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ನನಗೆ ಅಪ್ಪಾಜಿಯ ಮುಂದೆ ಕೂತು ‘ತಪ್ಪಾಯ್ತು’ ಅನ್ನುವ ಒಂದು ಮಾತು ಹೊರಡಲಿಲ್ಲ. ಅದರ ಬದಲು ಮನೆಯಲ್ಲೇ ದೋಸೆ ಹುಯ್ಯಲು ಶುರುಮಾಡಿದೆ. ಕೆಂಪು ಚಟ್ನಿ ಸವರಿ, ಪಲ್ಯ ಇಟ್ಟು, ಬೆಣ್ಣೆ ಹಾಕಿ, ಹೋಟೆಲಿನ ಥರವೇ. ಪ್ರತಿ ಭಾನುವಾರ ಒಂಬತ್ತು ಗಂಟೆಗೆ ಸರಿಯಾಗಿ. ಅಪ್ಪಾಜಿ ಸ್ವಲ್ಪ ಸ್ವಲ್ಪವೇ ತಿನ್ನತೊಡಗಿದರು. ಮೊದಲು ಕಾಲು ದೋಸೆ, ಆಮೇಲೆ ಅರ್ಧ. ಒಂದು ವಾರ ಪೂರ್ತಿ ತಿಂದು, “ಉಪ್ಪು ಸ್ವಲ್ಪ ಮುಂದಾಯ್ತು,” ಅಂದರು. ನನಗೆ ಖುಷಿಯಲ್ಲಿ ಅಳುವೇ ಬಂತು. ಇನ್ನೇನು, ಎಲ್ಲ ಸರಿಹೋಯಿತು, ಸಾರಿ ಕೇಳುವ ಅಗತ್ಯವೇ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಹೋದ ಭಾನುವಾರ ನನಗೆ ಬಿಟಿಎಂ ಲೇಔಟಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗುವುದಿತ್ತು. ಅಪ್ಪಾಜಿಗೆ ದೋಸೆ ಹಾಕಿಕೊಟ್ಟು, ಸೀರೆ ಉಟ್ಟು, ಚಪ್ಪಲಿ ಹುಡುಕಿ, ಹೊರಡುವ ಮುಂಚೆ ಅವರ ತಟ್ಟೆ ತೊಳೆದಿಟ್ಟು ಹೋಗೋಣ ಅಂತ ಊಟದ ಟೇಬಲ್ ಹತ್ತಿರ ಬಂದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಎಡಗೈಯಲ್ಲಿ ಬಲ ಮಣಿಕಟ್ಟನ್ನು ಹಿಡಿದುಕೊಂಡು ಒಂದು ಚೂರನ್ನು ಚಟ್ನಿಗೆ ಅದ್ದುತ್ತಿದ್ದರು. ಇನ್ನೂ ಅರ್ಧ ಉಳಿದಿತ್ತು. ಆಗಲೇ ಲೇಟಾಗಿತ್ತು. ನಾನು ಅವರ ಹಿಂದೆ ನಿಂತು ಗೋಡೆಯ ಗಡಿಯಾರ ನೋಡಿದೆ. ಕೈಯಲ್ಲಿ ಕೀ ಗೊಂಚಲಿತ್ತು. ನನ್ನ ಬೆರಳು ಯಾವಾಗ ಅದನ್ನು ಆಡಿಸಲು ಶುರುಮಾಡಿತೋ ದೇವರಾಣೆ ನನಗೆ ಗೊತ್ತಿಲ್ಲ.

ಅಪ್ಪಾಜಿಯ ಕೈ ನಿಂತಿತು. ಆ ಚೂರನ್ನು ತಟ್ಟೆಗೆ ವಾಪಸ್ಸು ಇಟ್ಟರು. ತಿರುಗಿ ನೋಡಲೂ ಇಲ್ಲ. ಟೇಬಲ್ಲಿನ ಅಂಚು ಹಿಡಿದು ಎದ್ದರು.

“ಕೂತ್ಕೊಳ್ಳಿ, ನಮ್ದಾಯ್ತು,” ಅಂದರು.

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಟೇಬಲ್ಲಿನ ಸುತ್ತ ಇನ್ನೂ ಐದು ಕುರ್ಚಿ ಖಾಲಿ ಇದ್ದವು. ಅವರ ಬೆನ್ನ ಹಿಂದೆ ನನ್ನನ್ನು ಬಿಟ್ಟರೆ ಬೇರೆ ಯಾರೂ ನಿಂತಿರಲಿಲ್ಲ.